ಅರವತ್ತೊಂದನೆಯ ಮಗು

(ಶಾಲಾರಂಭದ ನಿಮಿತ್ತ ಸಖರಾಯಪಟ್ಟಣದಲ್ಲಿ ಸೇರಿದ್ದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಬೇಸಿಗೆ ರಜೆ ಮುಗಿಯುತ್ತಲಿದೆ. ಮೇ ತಿಂಗಳ ಕೊನೆಗೆ ನಮ್ಮ ನಾಡಿನ ಪ್ರಾಥಮಿಕ ಶಾಲೆಗಳ ಬಾಗಿಲು ತೆರೆಯುತ್ತದೆ. ಕೊಠಡಿ ಗುಡಿಸಿ, ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಹೊಸದಾಗಿ ಬಂದ ಮಗುವಿನ ಕೈಗೆ ಹೂ ಕೊಟ್ಟು, ಸಿಹಿ ಹಂಚಿ ಒಳಗೆ ಕರೆದುಕೊಳ್ಳುವುದು ಈಚಿನ ವರ್ಷಗಳ ಪದ್ಧತಿ. ಪ್ರಾರಂಭೋತ್ಸವವೆಂದು ಅದಕ್ಕೆ ಹೆಸರು. ಒಳ್ಳೆಯ ಪದ್ಧತಿಯೇ. ಆದರೆ ತೋರಣ ಎರಡು ದಿನದಲ್ಲಿ ಒಣಗುತ್ತದೆ. ವರ್ಷವಿಡೀ ಉಳಿಯುವುದು ಹಾಜರಿ ಪುಸ್ತಕ. ಆ ಪುಸ್ತಕದಲ್ಲಿ ಎಷ್ಟು ಹೆಸರುಗಳಿವೆ ಎಂಬುದರ ಮೇಲೆ ಶಾಲೆಯ ಹಣೆಬರಹ ನಿಂತಿದೆ. ಇಂದು ನಾವು ಮಾತನಾಡಬೇಕೆಂದು ಬಂದಿರುವುದು ಆ ಲೆಕ್ಕದ ವಿಚಾರ.

ಲೆಕ್ಕ ಹೀಗಿದೆ. 2009ರಲ್ಲಿ ಲೋಕಸಭೆ, ರಾಜ್ಯಸಭೆಗಳು ಒಪ್ಪಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯೊಂದಿದೆ. ಅದರ ಕೊನೆಯಲ್ಲಿ ಒಂದು ಪಟ್ಟಿ ಉಂಟು. ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು. 61ರಿಂದ 90ರವರೆಗೆ ಮೂವರು. 91ರಿಂದ 120ರವರೆಗೆ ನಾಲ್ವರು. 121ರಿಂದ 200ರವರೆಗೆ ಐವರು. 150ಕ್ಕೆ ಮೇಲ್ಪಟ್ಟರೆ ಇವರಲ್ಲದೆ ಒಬ್ಬರು ಮುಖ್ಯೋಪಾಧ್ಯಾಯರು. ಇದು ಕಾಯಿದೆಯ ಮಾತು, ನಮ್ಮ ಸ್ವಂತದ್ದಲ್ಲ.

ಈಗ ಯೋಚಿಸಿ ನೋಡಿ. ಒಂದು ಶಾಲೆಯಲ್ಲಿ 61 ಮಕ್ಕಳಿದ್ದಾರೆ, ಮೂವರು ಮೇಷ್ಟರಿದ್ದಾರೆ. ಒಂದು ಮಗು ಬಿಟ್ಟುಹೋಯಿತು. ಆ ಮಗುವಿನ ತಂದೆ ತನ್ನ ಮನೆಯ ಅನುಕೂಲ ನೋಡಿಕೊಂಡ, ತಪ್ಪೆನ್ನಲಾಗದು. ಆದರೆ ಪಟ್ಟಿಯ ಪ್ರಕಾರ ಮೂರನೆಯ ಮೇಷ್ಟರು ಆ ಶಾಲೆಗೆ ಹೆಚ್ಚುವರಿಯಾದರು. ಮಕ್ಕಳ ಸಂಖ್ಯೆ ಇಳಿದಲ್ಲಿಂದ ಉಪಾಧ್ಯಾಯರನ್ನು ಬೇರೆಡೆಗೆ ಕಳುಹಿಸುವ ಕ್ರಮ ಇಲಾಖೆಯಲ್ಲಿ ಉಂಟು. ಮರುಹೊಂದಾಣಿಕೆ ಎಂದು ಅದನ್ನು ಕರೆಯುತ್ತಾರೆ. ಉಳಿದವರು ಇಬ್ಬರು, ತರಗತಿ ಐದು. ಒಬ್ಬರು ತರಬೇತಿಗೋ ಸಭೆಗೋ ಹೋದ ದಿನ ಐದು ತರಗತಿಗೂ ಒಬ್ಬರೇ. ಅದನ್ನು ಕಂಡ ಇನ್ನೂ ನಾಲ್ಕು ಮನೆಯವರು ಮರುವರ್ಷ ಮಕ್ಕಳನ್ನು ಬಿಡಿಸುತ್ತಾರೆ. ಅದರ ಮರುವರ್ಷ ಮತ್ತೆ ಹತ್ತು ಮನೆಯವರು. ಕೊನೆಗೆ ಬೆರಳೆಣಿಕೆಯ ಮಕ್ಕಳು ಉಳಿದಾಗ, ಈ ಶಾಲೆಯನ್ನು ಪಕ್ಕದೂರಿನ ಶಾಲೆಯೊಡನೆ ಕೂಡಿಸಿದರೇನು ಎಂಬ ಮಾತು ಮೇಲಿನಿಂದ ಬರುತ್ತದೆ. ಶಾಲೆ ಒಂದೇ ದಿನ ಸಾಯುವುದಿಲ್ಲ. ಒಂದೊಂದೇ ಹೆಸರು ಕಳೆದುಕೊಂಡು ಸಾಯುತ್ತದೆ.

ಹಾಗೆ ಶಾಲೆ ಮುಚ್ಚಿದರೆ ನಷ್ಟ ಯಾರಿಗೆ? ಮೋಟಾರಿನಲ್ಲಿ ಮಗುವನ್ನು ಚಿಕ್ಕಮಗಳೂರಿಗೋ ಕಡೂರಿಗೋ ಕಳುಹಿಸಬಲ್ಲವರಿಗೆ ನಷ್ಟವಿಲ್ಲ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನ ಮಗಳಿಗೆ ನಷ್ಟ. ಸಂತೆಯಲ್ಲಿ ಈರುಳ್ಳಿ ಹರಡಿ ಕೂರುವ ತಾಯಿಯ ಮಗನಿಗೆ ನಷ್ಟ. ತಾಂಡಾದ, ಕೇರಿಯ, ಕಾಲೋನಿಯ ಮಕ್ಕಳಿಗೆ ನಷ್ಟ. ಅದರಲ್ಲಿಯೂ ಹೆಣ್ಣುಮಕ್ಕಳಿಗೆ ಮೊದಲ ಪೆಟ್ಟು. ಗಂಡುಮಗುವನ್ನು ಹೇಗೋ ಪಕ್ಕದೂರಿಗೆ ಕಳುಹಿಸುವವರು ಹೆಣ್ಣುಮಗುವನ್ನು ಮನೆಯಲ್ಲಿಯೇ ಉಳಿಸಿಕೊಂಡುಬಿಡುತ್ತಾರೆ.

ನಾವು ಊರೂರಿಗೆ ಹೋದಾಗ ಜನರು ಬಾಯಿಬಿಟ್ಟು ಹೇಳುವ ಮಾತುಗಳಿವೆ. ಅವುಗಳನ್ನು ಮರೆಮಾಡಿ ಭಾಷಣ ಮಾಡಿದರೆ ಪ್ರಯೋಜನವಿಲ್ಲ.

ಮೊದಲನೆಯ ಮಾತು: “ಮೇಷ್ಟ್ರೇ, ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಬರೋದಿಲ್ಲ ಅಂತಾರಲ್ಲ?” ಬಂಧುಗಳೇ, ಇಂಗ್ಲಿಷ್ ಬೇಡವೆಂದು ದುಡಿಯುವ ಜನರಿಗೆ ಉಪದೇಶ ಮಾಡಿ, ತಮ್ಮ ಮಕ್ಕಳನ್ನು ಮಾತ್ರ ಇಂಗ್ಲಿಷ್ ಶಾಲೆಗೆ ಕಳುಹಿಸುವ ದೊಡ್ಡ ಮನುಷ್ಯರ ಸಾಲಿನಲ್ಲಿ ನಾವು ನಿಲ್ಲುವುದಿಲ್ಲ. ನಿಮ್ಮ ಮಗುವಿಗೆ ಇಂಗ್ಲಿಷ್ ಬೇಕು. 2007–08ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಅದು ಪಾಠದ ವಿಷಯವಾಗಿದೆ. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವನ್ನೂ ತೆರೆದರು. ಆದರೆ ಒಂದು ಭಾಷೆಯನ್ನು ಕಲಿಯುವುದು ಬೇರೆ, ತಿಳಿಯದ ಭಾಷೆಯಲ್ಲಿ ಲೆಕ್ಕವನ್ನೂ ವಿಜ್ಞಾನವನ್ನೂ ಬಾಯಿಪಾಠ ಮಾಡುವುದು ಬೇರೆ. ಆರು ವರ್ಷದ ಮಗು ಕೂಡುವ ಲೆಕ್ಕವನ್ನು ಅರ್ಥ ಮಾಡಿಕೊಳ್ಳುವುದು ಮನೆಯ ಮಾತಿನಲ್ಲಿ, ಕೊನೆಯ ಪಕ್ಷ ಕೇರಿಯ ಮಾತಿನಲ್ಲಿ. ಅದಕ್ಕಾಗಿಯೇ ಕಾಯಿದೆಯೂ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಪಾಠ ನಡೆಯಬೇಕೆಂದು ಹೇಳಿದೆ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗೆ ಕನ್ನಡವೇ ಎರಡನೆಯ ಮೆಟ್ಟಿಲು; ಆ ಮೆಟ್ಟಿಲನ್ನೂ ತಪ್ಪಿಸಿ ಮೂರನೆಯದಕ್ಕೆ ಹಾರಿಸಿದರೆ ಕಾಲು ಉಳುಕದೆ ಇರುತ್ತದೆಯೇ? ನಾವು ಕೇಳಬೇಕಾದದ್ದು ಇದು: ಇಂಗ್ಲಿಷನ್ನು ಚೆನ್ನಾಗಿ ಕಲಿಸಬಲ್ಲ ಉಪಾಧ್ಯಾಯರನ್ನು ನಮ್ಮ ಶಾಲೆಗೆ ಕೊಡಿ. ಹಲಗೆಯ ಮೇಲೆ ಮಾಧ್ಯಮದ ಹೆಸರು ಬದಲಾಯಿಸಿದ ಮಾತ್ರಕ್ಕೆ ಮಗುವಿನ ನಾಲಿಗೆ ಹೊರಳುವುದಿಲ್ಲ.

ಎರಡನೆಯ ಮಾತು: “ಅಲ್ಲಿ ಪಾಠವೇ ಇಲ್ಲ, ಬರೀ ಹಾಡು, ಕುಣಿತ.” ಇದು ನಲಿ-ಕಲಿಯನ್ನು ಕಂಡು ಹೇಳುವ ಮಾತು. ನಲಿ-ಕಲಿ ಹುಟ್ಟಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಅದಕ್ಕೆ ರೂಪ ಕೊಡುವುದರಲ್ಲಿ ಅಲ್ಲಿನ ಉಪಾಧ್ಯಾಯರೇ ದುಡಿದರು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗುಂಪಾಗಿ ಕುಳಿತು, ಕಾರ್ಡುಗಳನ್ನು ಹಿಡಿದು, ಒಂದು ಮೆಟ್ಟಿಲು ಮುಗಿದ ಮೇಲೆ ಮುಂದಿನ ಮೆಟ್ಟಿಲಿಗೆ ಹೋಗುತ್ತಾರೆ. ನಾಲ್ಕು ದಿನ ಜ್ವರ ಬಂದು ಮಲಗಿದ ಮಗು ತಿರುಗಿ ಬಂದಾಗ, ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಕೂಲಿಕಾರರ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಕ್ರಮ ಸಿಗುವುದು ಕಷ್ಟ. ಆದರೆ ಆ ಕೊಠಡಿಗೆ ಅದನ್ನೇ ನೋಡಿಕೊಳ್ಳುವ ಒಬ್ಬ ಮೇಷ್ಟರು ಬೇಕು. ಅವರನ್ನೇ ಐದನೆಯ ತರಗತಿಗೂ ಓಡಾಡಿಸಿದರೆ, ಹಾಡು ಮಾತ್ರ ಉಳಿದು ಕಲಿಕೆ ಹೋಗುತ್ತದೆ. ಪುನಃ ಅದೇ ಅರವತ್ತೊಂದನೆಯ ಮಗುವಿನ ಲೆಕ್ಕಕ್ಕೆ ಬಂದೆವು.

ಮೂರನೆಯ ಮಾತನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಸರ್ಕಾರಿ ಶಾಲೆಗೆ ಕಳುಹಿಸಿದರೆ ನಾಲ್ಕು ಜನರೆದುರು ಮರ್ಯಾದೆ ಕಡಿಮೆ ಎಂಬ ಅಳುಕು. ಟೈ ಕಟ್ಟಿದ ಮಗು ವ್ಯಾನು ಹತ್ತುವಾಗ ಎದುರುಮನೆಯವರು ನೋಡಲಿ ಎಂಬ ಆಸೆ. ಆ ಆಸೆಗಾಗಿ ಗಿರಣಿಯ ಕಾರ್ಮಿಕ ಕೂಲಿಯ ಒಂದು ಪಾಲನ್ನು ತೆಗೆದಿಡುತ್ತಾನೆ. ಸಣ್ಣ ಅಂಗಡಿಯವನು ಜೂನ್ ತಿಂಗಳಲ್ಲಿ ಫೀಜಿಗೆಂದು ಬಡ್ಡಿಗೆ ಸಾಲ ತರುತ್ತಾನೆ. ಆ ಸಾಲ ತೀರುವ ಹೊತ್ತಿಗೆ ಮುಂದಿನ ಜೂನ್ ಬಂದಿರುತ್ತದೆ. ಖಾಸಗಿ ಶಾಲೆಗಳಲ್ಲಿ ಬಡವರ ಮಕ್ಕಳಿಗೆ ನೂರಕ್ಕೆ 25 ಸ್ಥಾನವೆಂದು ಕಾಯಿದೆ ಹೇಳಿತ್ತು. 2012–13ರಿಂದ ನಮ್ಮಲ್ಲಿ ಅದು ನಡೆದುಬಂತು. ಆದರೆ 2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರದಲ್ಲಿದ್ದರೆ ಆ ಸ್ಥಾನವಿಲ್ಲವೆಂದಿತು. ಹೀಗೆ ಆ ಬಾಗಿಲೂ ಬಹುಮಟ್ಟಿಗೆ ಮುಚ್ಚಿತು. ಸುತ್ತಿ ಬಳಸಿ ಬಂದರೂ ದುಡಿಯುವವರ ಸ್ವಂತ ಆಸ್ತಿಯೆಂದರೆ ಊರಿನ ಶಾಲೆಯೇ.

ಈ ಆಸ್ತಿಯನ್ನು ಯಾರೂ ನಮಗೆ ದಾನವಾಗಿ ಕೊಟ್ಟದ್ದಲ್ಲ. 1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ತಂದರು. 1912ರ ಮಾರ್ಚಿನಲ್ಲಿ ಅದು 13 ಮತಗಳಿಗೆದುರಾಗಿ 38 ಮತಗಳಿಂದ ಬಿದ್ದುಹೋಯಿತು. ಮರುವರ್ಷವೇ, 1913ರಲ್ಲಿ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಮಾಡಿ, ಕಡ್ಡಾಯ ಶಿಕ್ಷಣದ ಕಡೆಗೆ ಹೆಜ್ಜೆಯಿಟ್ಟಿತು. ಆಗ ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆಯೆಂದು ಹೆಸರು. 1950ರ ಸಂವಿಧಾನ, ಹತ್ತು ವರ್ಷಗಳೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕೆಂದಿತು. 1960 ಬಂತು, ಹೋಯಿತು. 1964ರಿಂದ 1966ರವರೆಗೆ ಕೊಠಾರಿ ಆಯೋಗ ಕುಳಿತು, ಉಳ್ಳವರ ಮಕ್ಕಳಿಗೂ ಇಲ್ಲದವರ ಮಕ್ಕಳಿಗೂ ನೆರೆಹೊರೆಯ ಒಂದೇ ಶಾಲೆ ಇರಬೇಕೆಂದೂ, ರಾಷ್ಟ್ರದ ವರಮಾನದಲ್ಲಿ ನೂರಕ್ಕೆ 6 ಭಾಗ ವಿದ್ಯೆಗೆ ಸಲ್ಲಬೇಕೆಂದೂ ಹೇಳಿತು. ಆ ವರದಿ ಬಂದು ಅರ್ಧ ಶತಮಾನ ಮೀರಿತು. ಒಂದೇ ಶಾಲೆಯ ಮಾತು ಪುಸ್ತಕದಲ್ಲಿಯೇ ಉಳಿದಿದೆ. ವಿದ್ಯೆ ಮಗುವಿನ ಮೂಲಭೂತ ಹಕ್ಕೆಂದು ಸಂವಿಧಾನದಲ್ಲಿ ಸೇರಲು 2002ರವರೆಗೆ ಕಾಯಬೇಕಾಯಿತು. ಅದಕ್ಕೆ ಕಾಯಿದೆಯಾಗಲು ಮತ್ತೆ ಏಳು ವರ್ಷ ಹಿಡಿಯಿತು.

ಅನ್ನದ ಕಥೆಯೂ ಹಾಗೆಯೇ. ಶಾಲೆಯಲ್ಲಿ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಗಿ ಆಮೇಲೆ ನಮ್ಮ ಕಡೆಗೂ ಬಂತು. 2013ರ ಆಗಸ್ಟ್ 1ರಿಂದ ಹಾಲು ಸೇರಿತು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಬಂದ ಮಗುವಿಗೆ ಮಗ್ಗಿ ಹತ್ತುವುದಿಲ್ಲವೆಂಬುದು ಯಾವ ಮೇಷ್ಟರಿಗೂ ಗೊತ್ತು. ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಒಂದೇ ಪಾತ್ರೆಯ ಅನ್ನ ಉಣ್ಣುವುದು, ಹತ್ತು ಭಾಷಣಗಳು ಮಾಡಲಾರದ ಕೆಲಸವನ್ನು ಮಾಡುತ್ತದೆ.

ಇಷ್ಟೆಲ್ಲ ಕಾಯಿದೆಗಳಿರುವಾಗ ಚಿಂತೆಯೇಕೆ ಎಂದು ಕೇಳಬಹುದು. ನಿಮ್ಮೂರಿನ ಪಕ್ಕದಲ್ಲಿಯೇ ಅಯ್ಯನಕೆರೆ ಇದೆ. ರುಕ್ಮಾಂಗದರಾಯ ಕಟ್ಟಿಸಿದನೆಂದು ಹಿರಿಯರು ಹೇಳುತ್ತಾರೆ. ಕಟ್ಟಿಸಿದವರು ಯಾರೇ ಇರಲಿ, ಇಷ್ಟು ಕಾಲ ಅದನ್ನು ಉಳಿಸಿದವರು ತೂಬು ಕಾಯ್ದವರು, ಕಾಲುವೆಯ ಹೂಳು ತೆಗೆದವರು, ಏರಿಯ ಮೇಲೆ ಗಿಡ ಬೆಳೆಯದಂತೆ ನೋಡಿಕೊಂಡವರು. ಕೆರೆ ತುಂಬಿದ್ದರೂ ಕಾಲುವೆ ಹೂಳಿದರೆ ಗದ್ದೆ ಒಣಗುತ್ತದೆ. ಕಾಯಿದೆಯೂ ಹಾಗೆಯೇ. ದಿಲ್ಲಿಯಲ್ಲಿ ತುಂಬಿದ ನೀರು ಸಖರಾಯಪಟ್ಟಣದ ಮಗುವಿನ ಸ್ಲೇಟಿನವರೆಗೆ ಹರಿಯಬೇಕಾದರೆ ಕಾಲುವೆ ತೆಗೆಯುವ ಕೆಲಸ ಊರಿನವರದ್ದು.

ಆ ಕೆಲಸ ಶಾಲೆಯ ಬಾಗಿಲಿನಲ್ಲಿಯೇ ಆರಂಭವಾಗುತ್ತದೆ. ಅಲ್ಲಿ ನಿಮಗೆ ಏನು ಹಕ್ಕಿದೆ ಎಂಬುದನ್ನು ಕೇಳಿಕೊಳ್ಳಿ. ಜನನ ಪತ್ರವಿಲ್ಲವೆಂದು ಯಾವ ಮಗುವನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ. ಟಿ.ಸಿ. ಬರುವುದು ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಜೂನ್ ಕಳೆದು ಬಂದರೂ ಸೇರಿಸಿಕೊಳ್ಳಬೇಕು. ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷೆ ಮಾಡುವಂತಿಲ್ಲ, ವಂತಿಗೆ ಕೇಳುವಂತಿಲ್ಲ. ಈ ಮಾತು ಖಾಸಗಿ ಶಾಲೆಗಳಿಗೂ ಅನ್ವಯಿಸುತ್ತದೆ. ಮಗುವನ್ನು ಹೊಡೆಯುವಂತಿಲ್ಲ, ಮನಸ್ಸು ನೋಯುವಂತೆ ಹೀಯಾಳಿಸುವಂತಿಲ್ಲ. ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದ ದಿನಗಳಲ್ಲಿ, ಕಾಗದ ಪತ್ರವಿಲ್ಲವೆಂದು ಮಗಳ ಕೈಹಿಡಿದು ಗೇಟಿನಿಂದಲೇ ತಿರುಗಿ ಹೋಗುತ್ತಿದ್ದ ತಾಯಂದಿರನ್ನು ಕಂಡಿದ್ದೇವೆ. ಆ ತಾಯಿಗೆ ಕಾಯಿದೆಯ ಒಂದು ಸಾಲು ಗೊತ್ತಿದ್ದರೆ ಅವಳು ತಿರುಗಿ ಹೋಗಬೇಕಾಗಿರಲಿಲ್ಲ.

ತಡವಾಗಿ ಸೇರಿಸಿದರೂ ಆಗುತ್ತದೆಯಲ್ಲ ಎಂದು ಮಾತ್ರ ಸುಮ್ಮನೆ ಕೂರಬೇಡಿ. ವರ್ಷದ ಮೊದಲ ವಾರಗಳಲ್ಲಿ ಸೇತುಬಂಧವೆಂಬ ಪಾಠ ನಡೆಯುತ್ತದೆ. ಮಗು ಕಳೆದ ವರ್ಷದ್ದರಲ್ಲಿ ಏನನ್ನು ಮರೆತಿದೆ, ಯಾವುದು ಹಿಡಿತಕ್ಕೆ ಬಂದಿಲ್ಲ ಎಂದು ನೋಡಿ, ಆ ಕುಳಿಯನ್ನು ತುಂಬಿ ಮುಂದಿನ ಪಾಠಕ್ಕೆ ಹೋಗುವುದು ಅದರ ಉದ್ದೇಶ. ನೆಂಟರ ಮನೆಯ ಮದುವೆ, ಮುಂಗಾರಿನ ಬಿತ್ತನೆ, ತಮ್ಮನನ್ನು ಎತ್ತಿಕೊಳ್ಳುವವರಿಲ್ಲ ಎಂದು ಜೂನ್ ತಿಂಗಳನ್ನು ಕಳೆದರೆ, ಮಗು ಸೇತುವೆ ದಾಟದೆ ಈಚೆ ದಡದಲ್ಲಿಯೇ ನಿಲ್ಲುತ್ತದೆ. ಕಾಯಿದೆಯಂತೆ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ನಡೆಯಬೇಕು. ಮಗು ಆ 200 ದಿನಗಳಿಗೂ ಹಕ್ಕುದಾರ.

ಅಂಗಡಿಯ ಅಣ್ಣಂದಿರಿಗೆ ಒಂದು ಮಾತು. ಮಗನನ್ನು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದರೆ ಲೆಕ್ಕ ತಾನೇ ಬರುತ್ತದೆ ಎನ್ನುತ್ತೀರಿ. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯಿದೆ, 14 ವರ್ಷದೊಳಗಿನ ಮಕ್ಕಳನ್ನು ಯಾವ ದುಡಿಮೆಗೂ ಹಚ್ಚಬಾರದೆಂದಿದೆ. ಅಪಾಯವಿಲ್ಲದ ಸ್ವಂತ ಮನೆಯ ಕಸುಬಿನಲ್ಲಿ ಶಾಲೆಯ ಹೊತ್ತು ಮುಗಿದ ಮೇಲೆ, ಇಲ್ಲವೆ ರಜೆಯಲ್ಲಿ, ನೆರವಾಗಲು ಬಿಟ್ಟಿದೆ. ಸಂತೆಯ ದಿನವೂ ಶಾಲೆಯ ದಿನವೇ ಎಂಬುದನ್ನು ದಯಮಾಡಿ ಮರೆಯಬೇಡಿ.

ಇನ್ನು ನಮ್ಮ ಯಾರ ಮಕ್ಕಳೂ ಅಲ್ಲದ ಮಕ್ಕಳ ವಿಚಾರ. ನಮ್ಮ ಜಿಲ್ಲೆಯ ಕಾಫಿ ತೋಟಗಳಿಗೆ ದೂರದೂರಿನಿಂದ, ಹೊರ ರಾಜ್ಯಗಳಿಂದ ಕೂಲಿಗೆ ಜನರು ಬರುತ್ತಾರೆ. ಇಟ್ಟಿಗೆ ಗೂಡಿಗೆ, ರಸ್ತೆ ಕೆಲಸಕ್ಕೆ ಬರುತ್ತಾರೆ. ಅವರ ಮಕ್ಕಳು ಶೆಡ್ಡಿನ ಮುಂದೆ ಮಣ್ಣಿನಲ್ಲಿ ಆಡುತ್ತಿರುತ್ತವೆ. ಅವುಗಳ ಹೆಸರು ಬಿಟ್ಟುಬಂದ ಊರಿನ ಪುಸ್ತಕದಲ್ಲಿಯೂ ಇರುವುದಿಲ್ಲ, ಬಂದ ಊರಿನ ಪುಸ್ತಕದಲ್ಲಿಯೂ ಇರುವುದಿಲ್ಲ. ಕಾಗದವಿಲ್ಲದೆ, ತಡವಾಗಿ ಬಂದರೂ ಸೇರಿಸಿಕೊಳ್ಳಬೇಕೆಂಬ ನಿಯಮ ಇಂಥ ಮಕ್ಕಳಿಗೆ ಆಸರೆ. ಅವರನ್ನು ಕರೆತನ್ನಿ. ಮೂರನೆಯ ಮೇಷ್ಟರನ್ನು ನಿಮ್ಮೂರಿನಲ್ಲಿ ಉಳಿಸುವ ಅರವತ್ತೊಂದನೆಯ ಮಗು ಆ ಶೆಡ್ಡಿನ ಮುಂದೆಯೇ ಆಡುತ್ತಿರಬಹುದು. ಅನ್ಯರ ಮಗುವಿಗೆ ಮಾಡಿದ ಉಪಕಾರದಿಂದ ನಮ್ಮ ಮಗುವಿನ ತರಗತಿ ಉಳಿಯುತ್ತದೆ. ಒಗ್ಗಟ್ಟು ಎಂಬ ಮಾತಿಗೆ ಇದಕ್ಕಿಂತ ಸರಳವಾದ ಅರ್ಥ ನಮಗೆ ತಿಳಿಯದು.

ಮಗುವನ್ನು ಸೇರಿಸಿದ ಕೂಡಲೇ ಕೆಲಸ ಮುಗಿಯಿತೆಂದು ಮನೆಗೆ ಹೋಗಬೇಡಿ. 2001ರಿಂದ ನಮ್ಮ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಎಂಬ ಸಮಿತಿ ಇದೆ. ಕಾಯಿದೆಯ ಪ್ರಕಾರ ಶಾಲಾ ಸಮಿತಿಯ ನಾಲ್ವರಲ್ಲಿ ಮೂವರು ತಂದೆತಾಯಿಗಳಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಶಾಲೆಗೆ ಏನೇನು ಬೇಕೆಂದು ಯೋಜನೆ ಬರೆಯುವುದು, ಬಂದ ಹಣ ಹೇಗೆ ಖರ್ಚಾಯಿತೆಂದು ಕೇಳುವುದು ಅದರ ಕೆಲಸ. ಈ ಸಮಿತಿ ಊರಿನ ದೊಡ್ಡವರು ಸೇರಿ ಚಹಾ ಕುಡಿದು ಸಹಿ ಹಾಕುವ ಜಾಗವಾಗಬಾರದು. ಕೂಲಿಕಾರರಿಗೆ ಬಿಡುವಿಲ್ಲದ ಹೊತ್ತಿನಲ್ಲಿ ಸಭೆ ಕರೆದರೆ ಅದು ಕೂಲಿಕಾರರ ಸಭೆಯಾಗುವುದಿಲ್ಲ. ಸಂಜೆಯೋ ಭಾನುವಾರವೋ ಕರೆಯಿರೆಂದು ಕೇಳಿ. ತಾಯಂದಿರ ಹೆಸರು ಹಾಕಿ ಗಂಡಂದಿರು ಕೂರುವುದು ಬೇಡ; ತಾಯಂದಿರೇ ಬಂದು ಕೂರಲಿ. ಅನ್ನದಲ್ಲಿ ಕಲ್ಲಿದೆಯೇ, ಹೆಣ್ಣುಮಕ್ಕಳ ಕಕ್ಕಸಿಗೆ ನೀರಿದೆಯೇ ಎಂಬುದು ಅವರಿಗೆ ಗೊತ್ತಾದಂತೆ ಗಂಡಸರಿಗೆ ಗೊತ್ತಾಗುವುದಿಲ್ಲ.

ಸಮಿತಿ ಕೇಳಬೇಕಾದ ಪ್ರಶ್ನೆಗಳೂ ಸ್ಪಷ್ಟವಾಗಿವೆ. ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಬಾರದೆಂದು ಕಾಯಿದೆ ಹೇಳುತ್ತದೆ. ನಮ್ಮ ಶಾಲೆಯಲ್ಲಿ ಎಷ್ಟು ಖಾಲಿ ಇವೆ? ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಈ ಮೂರಲ್ಲದೆ ಬೇರೆ ಕೆಲಸಕ್ಕೆ ಮೇಷ್ಟರನ್ನು ಹಚ್ಚಬಾರದೆಂದಿದೆ. ನಮ್ಮ ಮೇಷ್ಟರು ತಿಂಗಳಲ್ಲಿ ಎಷ್ಟು ದಿನ ಹೊರಗಿದ್ದರು? ಉತ್ತರ ಸಿಗದಿದ್ದರೆ ಸ್ಥಳೀಯ ಪ್ರಾಧಿಕಾರಕ್ಕೆ ದೂರನ್ನು ಬರೆದು ಕೊಡಿ. ಮೂರು ತಿಂಗಳೊಳಗೆ ತೀರ್ಮಾನಿಸಬೇಕೆಂದು ಕಾಯಿದೆಯಲ್ಲಿಯೇ ಇದೆ. ಉಪಾಧ್ಯಾಯರ ಮೇಲೆ ಎರಗುವುದಕ್ಕೆಂದು ನಾವು ಈ ಮಾತು ಹೇಳುತ್ತಿಲ್ಲ. ಐದು ತರಗತಿಗಳನ್ನು ಇಬ್ಬರು ಹೊತ್ತಿರುವಾಗ ಅವರ ಜೊತೆಗೆ ನಿಂತು ಮೂರನೆಯವರನ್ನು ಕೇಳುವುದು ನಮ್ಮ ಕರ್ತವ್ಯ. ಹೀಗೆ ಪೋಷಕರೂ ಉಪಾಧ್ಯಾಯರೂ ಒಂದಾದರೆ ಕಚೇರಿಯವರು ಕಿವಿಗೊಡಲೇಬೇಕು.

ಸರ್ಕಾರದಿಂದ ಸಂಬಳ ಪಡೆಯುವವರೆಲ್ಲರೂ ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳುಹಿಸುವಂತೆ ಮಾಡಬೇಕೆಂದು 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿತು. ಅದು ಕಾರ್ಯಕ್ಕೆ ಬರಲಿಲ್ಲ. ಆದರೂ ಮಾತು ಸರಿಯಾದದ್ದು. ಸಾಹೇಬರ ಮಗು ಕುಳಿತುಕೊಳ್ಳುವ ಕೊಠಡಿ ಮಳೆಗಾಲದಲ್ಲಿ ಸೋರುವುದಿಲ್ಲ. ಸಾಹೇಬರು ಬರುವವರೆಗೆ ಕಾಯುತ್ತ ಕೂರಲು ನಮಗೆ ಪುರಸತ್ತಿಲ್ಲ. ಮಗುವಿಗೆ ಆರನೆಯ ವಯಸ್ಸು ಒಂದೇ ಬಾರಿ ಬರುತ್ತದೆ.

ಆದುದರಿಂದ ಬಂಧುಗಳೇ, ಈ ವಾರ ಮೂರು ಕೆಲಸ ಮಾಡೋಣ. ನಿಮ್ಮ ಬೀದಿಯಲ್ಲಿ ಆರು ತುಂಬಿದ ಮಕ್ಕಳೆಷ್ಟು, ಶಾಲೆ ಬಿಟ್ಟವರೆಷ್ಟು ಎಂದು ಇಬ್ಬಿಬ್ಬರು ಕೂಡಿ ಮನೆಮನೆಗೆ ಹೋಗಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು, ಹಾಜರಿ ಪುಸ್ತಕದೊಡನೆ ತಾಳೆ ನೋಡಲು ಹೇಳಿ. ಪಟ್ಟಿಯಲ್ಲಿದ್ದು ಪುಸ್ತಕದಲ್ಲಿಲ್ಲದ ಪ್ರತಿಯೊಂದು ಮಗುವಿನ ಮನೆಗೂ ಮತ್ತೆ ಹೋಗಿ, ಕೈಹಿಡಿದು ಕರೆತನ್ನಿ. ದುಡ್ಡಿನ ಖರ್ಚಿಲ್ಲದ ಕೆಲಸ, ನಾಲ್ಕು ಸಂಜೆಯ ನಡಿಗೆ ಅಷ್ಟೆ. ನಾಳೆ ಸಂಜೆಯಿಂದಲೇ ಹೊರಡಲು ಸಿದ್ಧರಿರುವವರು ಸಭೆ ಮುಗಿದ ಮೇಲೆ ಇಲ್ಲಿಯೇ ನಿಂತು ಹೆಸರು ಬರೆಸಬೇಕೆಂದು ಕೇಳಿಕೊಳ್ಳುತ್ತೇವೆ.